ಸೊಂಟದ ಪಿಸ್ತೂಲು

ಅಂಗೈಯಗಲದ ಹಳದಿ ಚೀಟಿ ಅದು, ಬಂದೂಕಿನ ನಳಿಗೆಗೆ ದಾರದಲ್ಲಿ ಕಟ್ಟುವಂಥದ್ದು. ‘ಟ್ರೆಂಟ್‌ನದು. ದುರ್ಬೀನು ನೂರು ಗಜಕ್ಕೆ ಹೊಂದಿಸಿದೆ’ ಎಂದು ಗ್ರೇಡಿ ಪೊಟೀಟ್ ತನ್ನ ಕೈಯಾರೆ ಬರೆದು ಕೆಳಗೆ ತಾರೀಖು ಹಾಕಿದ್ದ. ಪೆಕನ್ ಫೋರ್ಕ್ ಊರಿನಲ್ಲಿ ಮೂವತ್ತು ವರ್ಷ ಬಂದೂಕಿನ ಅಂಗಡಿ ನಡೆಸಿ, ಸರ್ಕಾರದ ತಪಾಸಣೆಗಳನ್ನೆಲ್ಲ ನಗುನಗುತ್ತ ದಾಟಿದ್ದವನು ಆ ಚೂರು ಕಾಗದದ ಮುಂದೆ ಬಾಯಿ ಒಣಗಿಸಿಕೊಂಡು ನಿಂತ.

ಚೀಟಿ ಹಿಡಿದಿದ್ದವನು ಹಾರ್ಲನ್ ಸ್ಕಾಗ್ಸ್. ಎಪ್ಪತ್ತೊಂದು ವಯಸ್ಸು, ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದವನು. ಪೆಟ್ರೋಲ್ ಬಂಕಿನ ಮೀಟರಿನ ಮೇಲೆ ಇರುವೆಗಾತ್ರದ ಅಕ್ಷರ ಇದ್ದರೂ ನಿಂತು ಪೂರ್ತಿ ಓದುವ ಜಾತಿ. ಸೋಮವಾರ ಬೆಳಿಗ್ಗೆ ಮೇವಿನ ಗೋದಾಮಿನ ಹಿಂದೆ, ಯಾರೂ ಇಲ್ಲದ ಕಡೆ, ಅವನು ಗ್ರೇಡಿಯನ್ನು ಕರೆದು ಅದನ್ನು ತೋರಿಸಿದ.

“ಡಾರ್ಲಾ ಸಾಮಾನು ತರೋಕೆ ಟ್ರೆಂಟ್ ಮನೆಗೆ ಹೋಗಿದ್ದೆ. ಅವನ ಒಂದು ಡಬ್ಬದಲ್ಲಿ ಸಿಕ್ತು. ತಾರೀಖು ನೋಡು ಗ್ರೇಡಿ. ಅವನು ಬಂದೂಕು ಮುಟ್ಟೋ ಹಾಗಿಲ್ಲ ಅಂತ ಜಡ್ಜು ಹೇಳಿ ಒಂಬತ್ತು ದಿನ ಆಗಿತ್ತು.”

“ಬಂದೂಕು ಕೊಳ್ಳೋ ಅರ್ಜಿಗೆ ಸಹಿ ಹಾಕಿದ್ದು ಅವನ ಚಿಕ್ಕಪ್ಪನ ಮಗ. ಕಾಗದದಲ್ಲಿ ಎಲ್ಲಾ ಸರಿ ಇದೆ.”

“ಇದೂ ಕಾಗದಾನೇ. ಬಂದೂಕು ಯಾರಿಗೆ ಅಂತ ನಿಂಗೆ ಗೊತ್ತಿತ್ತು.”

ಗೊತ್ತಿತ್ತು. ಡಾರ್ಲಾ ಹಾರ್ಲನ್‌ನ ತಮ್ಮನ ಮಗಳು, ಟ್ರೆಂಟ್ ಅವಳು ಬಿಟ್ಟುಬಂದ ಗಂಡ. ಗ್ರೇಡಿ ಮಾರಿದ ಆ ರೈಫಲ್ಲನ್ನು ಹಿಡಿದು ಜನವರಿಯಲ್ಲಿ ಅವನು ಡಾರ್ಲಾ ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿಗೆ ನುಗ್ಗಿದ. ರೋಗಿಗಳ ಹೆಸರು ಬರೆಯುವ ಮೇಜಿನ ಹಿಂದೆ ಕೂತಿದ್ದವಳಿಗೆ ಮೂರು ಗುಂಡು ಹೊಡೆದು, ನಾಲ್ಕನೆಯದನ್ನು ತನ್ನ ಗದ್ದದ ಕೆಳಗೆ ಇಟ್ಟುಕೊಂಡ. ಗೋಡೆಯನ್ನು ಎರಡು ಸಲ ಬಳಿದರೂ ಕಲೆ ಹೋಗದೆ ಕೊನೆಗೆ ಹಲಗೆಯನ್ನೇ ಕಿತ್ತು ಬದಲಾಯಿಸಿದರು.

ಕ್ಲಿನಿಕ್ಕಿನ ಬಾಗಿಲಲ್ಲಿ ‘ಇಲ್ಲಿ ಬಂದೂಕಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿತ್ತು. ಡಾರ್ಲಾಳ ಪುಟ್ಟ ಪಿಸ್ತೂಲು ಹೊರಗೆ ಅವಳ ಕಾರಿನಲ್ಲಿತ್ತು. ಅಂದಿನಿಂದ ಊರು ಎರಡು ಹೋಳಾಗಿತ್ತು. ಬೋರ್ಡು ಅವಳನ್ನು ಕೊಂದಿತು ಎನ್ನುವವರು ಒಂದು ಕಡೆ, ಬಂದೂಕು ಕೊಂದಿತು ಎನ್ನುವವರು ಇನ್ನೊಂದು ಕಡೆ. ಮೊದಲನೆಯವರ ಮುಖಂಡ ನಮ್ಮ ಗ್ರೇಡಿ. ಊರಿನ ಸಭೆಯಲ್ಲಿ ಎದ್ದು ನಿಂತು, “ಆ ಮಗು ಕೈಲಿ ಒಂದು ಪಿಸ್ತೂಲಿದ್ದಿದ್ರೆ!” ಎಂದು ಭಾಷಣ ಮಾಡಿದ್ದ. ನಾಚಿಕೆ ಎಂಬುದು ಹುಟ್ಟಿನಿಂದಲೇ ಕೆಲವರ ಹತ್ತಿರ ಸುಳಿದಿರುವುದಿಲ್ಲ.

“ಶುಕ್ರವಾರದವರೆಗೆ ಟೈಮ್ ಕೊಡ್ತೀನಿ” ಎಂದ ಹಾರ್ಲನ್. “ನೀನಾಗೇ ಶೆರಿಫ್ ಹತ್ರ ಹೋಗಿ ಹೇಳು. ತಾನಾಗಿ ನಡ್ಕೊಂಡು ಹೋಗೋ ಅವಕಾಶ ಯಾವ ಮನುಷ್ಯನಿಗೂ ಸಿಗ್ಬೇಕು. ಹೋಗ್ಲಿಲ್ವಾ, ನಾನು ಹೋಗ್ತೀನಿ. ಅಲ್ಲೀವರೆಗೆ ನನ್ನ ಬಾಯಿಂದ ಯಾರಿಗೂ ಗೊತ್ತಾಗಲ್ಲ.”

ಗ್ರೇಡಿಗೆ ಮೊದಲು ಹೆದರಿಕೆಯಾಯಿತು, ಮನೆ ಸೇರುವಷ್ಟರಲ್ಲಿ ತಾತ್ಸಾರ ಹುಟ್ಟಿತು. ಜೈಲೆಂದರೆ ಹತ್ತು ವರ್ಷ, ಅಂದರೆ ಅವನ ವಯಸ್ಸಿಗೆ ಉಳಿದದ್ದೆಲ್ಲ. ಆದರೆ ಕೊಲೆಗಾರನಿಗೆ ಬಂದೂಕು ಕೊಟ್ಟವನೆಂದು ತಿಳಿದೂ ವಾಯಿದೆ ಕೊಟ್ಟು, ಬಾಯಿ ಮುಚ್ಚಿಕೊಂಡಿರುತ್ತೇನೆಂದು ಮಾತನ್ನೂ ಕೊಟ್ಟು ಹೋಗುವವನು ಎಂಥ ಪೆದ್ದ! ವಿಷಯ ಬಲ್ಲವನು ಒಬ್ಬನೇ. ಉಳಿದಿದ್ದದ್ದು ನಾಲ್ಕು ದಿನ.

ಸಾಮಾನ್ಯವಾಗಿ ಕೊಲ್ಲುವವನು ಆಯುಧವಿಲ್ಲದವನನ್ನು ಹುಡುಕುತ್ತಾನೆ. ಸಭೆಯಲ್ಲಿ ಗ್ರೇಡಿ ಇದನ್ನೇ ಮೇಜು ಗುದ್ದಿ ಹೇಳುತ್ತಿದ್ದ. ಈಗ ಅವನಿಗೆ ಬೇಕಾದದ್ದು ಅದರ ತದ್ವಿರುದ್ಧ. ಸೊಂಟದಲ್ಲಿ ಪಿಸ್ತೂಲಿದ್ದ ಮನುಷ್ಯ, ಪಿಸ್ತೂಲಿದೆ ಎಂದು ಊರಿಗೆಲ್ಲ ಗೊತ್ತಿದ್ದ ಮನುಷ್ಯ ಬೇಕು. ಅಂಥವನನ್ನು ಎದುರಿಗೆ ನಿಲ್ಲಿಸಿಕೊಂಡು ಸುಟ್ಟರೆ ಅದು ಕೊಲೆಯಲ್ಲ, ಆತ್ಮರಕ್ಷಣೆ. ಪ್ರತಿ ಶನಿವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಪಾಠ ಹೇಳುತ್ತಿದ್ದದ್ದೂ ಅದನ್ನೇ. ಹಿಂದೆ ಸರಿಯಬೇಕಾಗಿಲ್ಲ, ಕ್ಷಮೆ ಕೇಳಬೇಕಾಗಿಲ್ಲ, ಪೊಲೀಸರು ಬಂದಾಗ ಹೇಳಬೇಕಾದದ್ದು ಒಂದೇ ವಾಕ್ಯ: ‘ನನ್ನ ಪ್ರಾಣ ಹೋಗುತ್ತೆ ಅನ್ನಿಸಿತು.’ ನೂರಾರು ಜನರಿಗೆ ಬಾಯಿಪಾಠ ಮಾಡಿಸಿದ್ದ ಆ ವಾಕ್ಯವನ್ನು ಅವನು ಸ್ವಂತಕ್ಕೆ ಇನ್ನೂ ಬಳಸಿರಲಿಲ್ಲ.

ಹಾರ್ಲನ್ ಇಪ್ಪತ್ತೆರಡು ವರ್ಷಗಳಿಂದ ಪಿಸ್ತೂಲು ಕಟ್ಟುತ್ತಿದ್ದ. ಬಲ ಸೊಂಟದಲ್ಲಿ, ಕಂದು ಕ್ಯಾನ್ವಾಸಿನ ತೋಳಿಲ್ಲದ ಕೋಟಿನ ಕೆಳಗೆ. ಹಾರ್ಲನ್ ಪ್ಯಾಂಟು ಮರೆತು ಬಂದಾನು, ಪಿಸ್ತೂಲು ಮರೆಯುವುದಿಲ್ಲ ಎಂದು ಊರೇ ತಮಾಷೆ ಮಾಡುತ್ತಿತ್ತು. ಅದೇ ಬೆಲ್ಟಿಗೆ, ಪಿಸ್ತೂಲಿಗೆ ಒಂದು ಬೆರಳು ಮುಂದೆ, ಓದುವ ಕನ್ನಡಕದ ಚರ್ಮದ ಗೂಡು. ಈ ಒಂದು ಬೆರಳಿನ ಅಂತರದ ಮೇಲೆ ಗ್ರೇಡಿ ತನ್ನ ಇಡೀ ಯೋಜನೆಯನ್ನು ಕಟ್ಟಿದ. ಕೈಗೆ ಒಂದು ಕಾಗದ ಕೊಟ್ಟರೆ ಮುದುಕ ಕನ್ನಡಕಕ್ಕೆ ಕೈ ಹಾಕುತ್ತಾನೆ. ನೋಡುವ ಕಣ್ಣಿಗೆ ಅದು ಪಿಸ್ತೂಲಿಗೆ ಹಾಕಿದ ಕೈ. ಅಂಗಡಿಯ ಕ್ಯಾಮೆರಾಕ್ಕೆ ಕಣ್ಣು ಮಾತ್ರ ಉಂಟು, ಕಿವಿಯಿಲ್ಲ.

ಜಾಗವನ್ನು ಆರಿಸಲು ಒಂದು ಸಂಜೆ ಹಿಡಿಯಿತು. ಯಾಕೆಂದರೆ ಹಾರ್ಲನ್‌ಗೆ ಒಂದು ಹುಚ್ಚಿತ್ತು. ಬಾಗಿಲಲ್ಲಿ ಬೋರ್ಡಿದ್ದರೆ ಪಾಲಿಸುತ್ತಿದ್ದ. ಓಪಲ್‌ಳ ಹೋಟೆಲಿಗೆ ಬಂದರೆ, ಅವಳ ಬೋರ್ಡು ನೋಡಿ, ತನ್ನ ಪಿಕಪ್ ಗಾಡಿಗೆ ಹಿಂತಿರುಗಿ, ಸೀಟಿನ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಪಿಸ್ತೂಲಿಟ್ಟು ಬೀಗ ಹಾಕಿ, ಆಮೇಲೆ ಒಳಗೆ ಬಂದು ಪೀಚ್ ಹಣ್ಣಿನ ಪೈ ತಿನ್ನುತ್ತಿದ್ದ. ಹಾಗಾಗಿ ಹೋಟೆಲು ಬೇಡ. ಪಾದ್ರಿ ಬೋರ್ಡು ಹಾಕಿಸಿದ ಮೇಲೆ ಚರ್ಚೂ ಬೇಡ. ಕ್ಲಿನಿಕ್ಕು, ಬ್ಯಾಂಕು ಬೇಡವೇ ಬೇಡ. ಹಾರ್ಲನ್‌ನ ಮನೆಗೆ ತಾನೇ ಹೋದರೆ ಬೇಟೆಗಾರ ತಾನಾಗುತ್ತಾನೆ. ಒಂದೊಂದನ್ನೇ ಹೊಡೆದುಹಾಕುತ್ತ ಬಂದ ಗ್ರೇಡಿಗೆ ಕೊನೆಗೆ ಉಳಿದದ್ದು ತನ್ನದೇ ಅಂಗಡಿ. ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಹೋಗಲು ಇಡೀ ಕೌಂಟಿಯಲ್ಲಿ ಇದಕ್ಕಿಂತ ಸಹಜವಾದ ಜಾಗ ಇನ್ನೊಂದಿರಲಿಲ್ಲ. ಡಾರ್ಲಾಳನ್ನು ಹೂತ ಮೇಲೆ ಹಾರ್ಲನ್ ಅಲ್ಲಿಗೆ ಕಾಲಿಟ್ಟಿರಲಿಲ್ಲ, ಆದರೆ ಕರೆದರೆ ಬರುತ್ತಾನೆ.

ಇನ್ನು ಬೇಕಾದದ್ದು ಒಂದು ಜಗಳ, ನಾಲ್ಕು ಜನರ ಮುಂದೆ.

ಬುಧವಾರ ಬೆಳಿಗ್ಗೆ ಓಪಲ್‌ಳ ಹೋಟೆಲು ತುಂಬಿತ್ತು. ಗ್ರೇಡಿ ತನ್ನ ಪಿಸ್ತೂಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಹಾರ್ಲನ್ ಎಂದಿನಂತೆ ಗಾಡಿಗೆ ಹೋಗಿ, ಬೀಗ ಹಾಕಿ, ಒಳಗೆ ಬಂದು ಕೂತ.

“ಏನು ಹಾರ್ಲನ್, ಸೊಂಟ ಹಗುರಾಯ್ತಾ?” ಎಂದು ಗ್ರೇಡಿ ಎಲ್ಲರಿಗೂ ಕೇಳುವಂತೆ ಕೂಗಿದ. “ಒಂದು ತುಂಡು ರಟ್ಟು ಹೇಳಿದ ತಕ್ಷಣ ಬಿಚ್ಚಿಟ್ಟು ಬರ್ತೀಯಲ್ಲ, ನಾಳೆ ಚಡ್ಡಿ ಬಿಚ್ಚು ಅಂತ ಬರೆದ್ರೆ?”

“ಓಪಲ್ ಮನೆ, ಓಪಲ್ ಮಾತು” ಎಂದ ಹಾರ್ಲನ್, ತಲೆಯೆತ್ತದೆ. “ಯಾರ ಹೊಸ್ತಿಲು ದಾಟ್ತೀವೋ ಅವರು ಹೇಳಿದ್ದು ಕೇಳ್ಬೇಕಪ್ಪ.”

“ಡಾರ್ಲಾನೂ ಹಾಗೇ ಕೇಳಿದ್ಲು.”

ಗ್ರೇಡಿ ಅಷ್ಟಕ್ಕೆ ಬಿಡಲಿಲ್ಲ. ಹತ್ತಿರ ಹೋಗಿ ಬಗ್ಗಿ, “ನಿನ್ನಂಥವರು ಕಲಿಸಿದ ಬುದ್ಧಿಯಿಂದಾನೇ ಸತ್ತಳು ಅವಳು” ಎಂದ. ಹಾರ್ಲನ್ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಎಪ್ಪತ್ತೊಂದರ ಮುಷ್ಟಿ ಗ್ರೇಡಿಯ ತುಟಿಯನ್ನು ಹಲ್ಲಿಗೆ ಒತ್ತಿ ಸೀಳಿತು. ಗ್ರೇಡಿ ಮೇಜಿನ ಮೇಲೆ ಬಿದ್ದ. ಬಿಸಿ ಗ್ರೇವಿ ಅವನ ಕತ್ತಿನ ಮೇಲೆ ಚೆಲ್ಲಿತು. ಇಷ್ಟು ಚೆನ್ನಾಗಿ ಆಗುತ್ತದೆಂದು ಅವನೂ ನೆನೆಸಿರಲಿಲ್ಲ.

“ಶುಕ್ರವಾರ!” ಎಂದು ಹಾರ್ಲನ್ ಬೆರಳು ತೋರಿಸಿ ಕಿರುಚಿದ. “ಶುಕ್ರವಾರದವರೆಗೆ ಬಿಟ್ಟಿದೀನಿ ನಿನ್ನ. ಆಮೇಲೆ ನೋಡ್ಕೋ!”

“ಸಾಕು ಬಂಗಾರ, ಕೂತ್ಕೋ, ಕೂತ್ಕೋ” ಎಂದು ಓಪಲ್ ಓಡಿಬಂದು ಹಾರ್ಲನ್‌ನ ತೋಳು ಹಿಡಿದಳು. ಹದಿನೇಳು ಜನ ಆ ಮಾತು ಕೇಳಿದರು. ಗ್ರೇಡಿ ತುಟಿಗೆ ಬಟ್ಟೆ ಒತ್ತಿಕೊಂಡು ಒಬ್ಬೊಬ್ಬರ ಮುಖವನ್ನೂ ನೆನಪಿಟ್ಟುಕೊಂಡ.

ಗುರುವಾರ ಅವನು ಕುರುಚಲು ಕಾಡಿಗೆ ಹೋಗಿ ಅಭ್ಯಾಸ ಮಾಡಿದ. ಬೋನಿಗೆ ಬಿದ್ದ ಕಾಡುಹಂದಿಯೊಂದಿತ್ತು. ಗಲ್ಲಾಪೆಟ್ಟಿಗೆಯಿಂದ ಗಿರಾಕಿ ನಿಲ್ಲುವಷ್ಟೇ ದೂರದಲ್ಲಿ ನಿಂತು, ಎರಡೂ ಅಂಗೈಯನ್ನು ಎದೆಯೆತ್ತರಕ್ಕೆ ಹಿಡಿದು, ಒಂದು ಹೆಜ್ಜೆ ಹಿಂದೆ ಹೋಗಿ, ಆಮೇಲೆ ಸೊಂಟದಿಂದ ಸೆಳೆದು ಹೊಡೆದ. ಹಂದಿ ಮೊದಲ ಗುಂಡಿಗೆ ಸಾಯಲಿಲ್ಲ. ಬೋನಿನ ಸರಳನ್ನು ಕಚ್ಚಿ ಹಲ್ಲು ಮುರಿದುಕೊಂಡು, ರಕ್ತ ಕಾರುತ್ತ, ಮಗುವಿನ ದನಿಯಲ್ಲಿ ಅರಚಿತು. ಎರಡು ಬೇಕು, ಒಂದರ ಬೆನ್ನಿಗೆ ಒಂದು ಎಂದು ಗ್ರೇಡಿ ಲೆಕ್ಕ ಹಾಕಿದ. ಮೂರಾದರೆ ದ್ವೇಷದಂತೆ ಕಾಣುತ್ತದೆ. ಬೂಟಿನ ಮೇಲೆ ಸಿಡಿದ ರಕ್ತವನ್ನು ಹುಲ್ಲಿಗೆ ಒರೆಸಿಕೊಂಡು ಮನೆಗೆ ಬಂದು ಊಟ ಮಾಡಿದ.

ಸಂಜೆ ಹಾರ್ಲನ್‌ಗೆ ಫೋನ್ ಮಾಡಿ, ದನಿ ಇಳಿಸಿ, “ನೀನು ಹೇಳಿದ್ದೇ ಸರಿ. ಶೆರಿಫ್‌ಗೆ ಕೊಡೋಕೆ ಎಲ್ಲಾ ಬರೆದಿಡ್ತೀನಿ. ನಾಳೆ ಹತ್ತೂಕಾಲಿಗೆ ಅಂಗಡಿಗೆ ಬಾ, ಒಂದ್ಸಲ ಓದಿ ನೋಡು, ಇಬ್ರೂ ಜೊತೆಗೇ ಹೋಗೋಣ. ಆ ಚೀಟೀನೂ ತಗೊಂಡು ಬಾ” ಎಂದ. ಆ ಕಡೆಯಿಂದ ಹಾರ್ಲನ್, “ನಿನ್ನೆ ಕೈ ಎತ್ತಬಾರದಿತ್ತು ನಾನು. ತಪ್ಪಾಯ್ತು” ಎಂದ. ಗ್ರೇಡಿಗೆ ನಗು ತಡೆಯುವುದು ಕಷ್ಟವಾಯಿತು.

ಶುಕ್ರವಾರವೇ ಯಾಕೆಂದರೆ, ಅಂದು ಹತ್ತಕ್ಕೆ ಅವನ ಹೆಂಡತಿ ಲೊರೀನ್ ತಲೆಗೂದಲು ಮಾಡಿಸಿಕೊಳ್ಳಲು ಹೋಗುತ್ತಿದ್ದಳು. ಅಂಗಡಿಯ ಕಾಗದಪತ್ರವೆಲ್ಲ ಅವಳದೇ. ಹೋದ ತಿಂಗಳು ಗಿರಾಕಿಯೊಬ್ಬ ತನ್ನ ತುಂಬಿದ ಪಿಸ್ತೂಲನ್ನು ತೋರಿಸಲು ಹೋಗಿ ಚಾವಣಿಗೆ ತೂತು ಮಾಡಿದ್ದ. ವಿಮೆಯವರು ಎರಡು ಹಾಳೆ ತಕರಾರು ಬರೆದಿದ್ದರು. “ಇದಕ್ಕೇನು ಮಾಡ್ಲಿ?” ಎಂದು ಲೊರೀನ್ ಕೇಳಿದಾಗ, “ಅವರು ಹೇಳಿದ್ದು ಮಾಡಿ ಮುಗಿಸೇ, ನನ್ನ ತಲೆ ತಿನ್ಬೇಡ” ಎಂದಿದ್ದ. ಅವಳು ಮಾಡಿ ಮುಗಿಸಿದ್ದಳು. ಆ ತೂತು ಈಗಲೂ ಸುಣ್ಣದ ತೇಪೆ ಹಾಕಿಕೊಂಡು ತಲೆಯ ಮೇಲಿತ್ತು.

ಅಂದು ಲೊರೀನ್ ಹೊರಟ ಮೇಲೆ ಗ್ರೇಡಿ ಎಂದಿನಂತೆ ಮನೆಯ ಅಡುಗೆಕೋಣೆಯಿಂದ ಹಿಂಬಾಗಿಲು ದಾಟಿ ಅಂಗಡಿಗೆ ಬಂದ. ಮನೆ ಹಿಂದೆ, ಅಂಗಡಿ ಮುಂದೆ. ಗಾಡಿ ನಿಲ್ಲಿಸುವುದೂ ಹಿಂದೆಯೇ. ಮುಂಬಾಗಿಲು ಗಿರಾಕಿಗಳದು, ಅವನಿಗೂ ಅದಕ್ಕೂ ಸಂಬಂಧವಿರಲಿಲ್ಲ. ಬೆಳಗಿನ ಬಿಸಿಲು ಆ ಬಾಗಿಲಿನ ಗಾಜಿನಿಂದ ಬೀಳುತ್ತಿತ್ತು. ಗಾಜಿಗೆ ಹೊರಗಿನಿಂದ ಅಂಟಿಸಿದ ಹಾಳೆಗಳ ಬಿಳಿ ಬೆನ್ನು ಕಾಣುತ್ತಿತ್ತು. ಚರ್ಚಿನ ಮೀನೂಟ, ಕಳೆದುಹೋದ ನಾಯಿ, ಊರಿನವರು ಬಂದು ಅಂಟಿಸಿ ಹೋಗುವುದೆಲ್ಲ ಅಲ್ಲಿಯೇ. ಅವನು ನೆಲದ ಮೇಲೆ ಹಾರ್ಲನ್ ನಿಲ್ಲಬೇಕಾದ ಜಾಗವನ್ನು ಇನ್ನೊಮ್ಮೆ ನೋಡಿದ. ಕ್ಯಾಮೆರಾ ಅಲ್ಲಿ ನಿಂತವನನ್ನು ಬಲಭುಜದ ಹಿಂದಿನಿಂದ ಹಿಡಿಯುತ್ತದೆ. ಕೋಟಿನ ಕೆಳಗೆ ಹೋಗುವ ಕೈ ಕಾಣುತ್ತದೆ, ಹೊರಗೆ ಬರುವುದು ಕಾಣುವುದಿಲ್ಲ.

ಹತ್ತು ಹದಿನಾಲ್ಕಕ್ಕೆ ಪಿಕಪ್ ಬಂತು. ಗ್ರೇಡಿ ಗಲ್ಲಾಪೆಟ್ಟಿಗೆಯ ಪಕ್ಕದ ಪುಟ್ಟ ಪರದೆಯಲ್ಲಿ, ಹೊರಗಿನ ಕ್ಯಾಮೆರಾ ತೋರಿಸಿದಂತೆ, ಮುದುಕನನ್ನು ನೋಡಿದ. ಹಾರ್ಲನ್ ಇಳಿದು ಬಾಗಿಲ ತನಕ ಬಂದ, ಒಂದು ಗಳಿಗೆ ನಿಂತ, ತಿರುಗಿ ಗಾಡಿಗೆ ಹೋದ. ಬಾಗಿಲು ತೆಗೆದು ಸೀಟಿನ ಕಡೆ ಬಗ್ಗಿದ. ಮತ್ತೆ ನೆಟ್ಟಗಾಗಿ, ಕೋಟು ಸರಿಮಾಡಿಕೊಂಡು, ಅಂಗಡಿಯ ಕಡೆ ನಡೆದ. ಚೀಟಿಯನ್ನು ಗಾಡಿಯಲ್ಲೇ ಮರೆತಿದ್ದನೇನೋ. ಗ್ರೇಡಿಯ ಎದೆ ಸಂತೋಷದಿಂದ ಹಾರಿತು. ನ್ಯಾಯಾಲಯದಲ್ಲಿ ತೀರ್ಪು ಕೊಡುವ ಹನ್ನೆರಡು ಜನ ಇದನ್ನು ನೋಡಿದಾಗ ಏನೆನ್ನುತ್ತಾರೆ? ಬಾಗಿಲ ತನಕ ಬಂದವನು ಹಿಂತಿರುಗಿ ಗಾಡಿಯಿಂದ ಏನೋ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ ಎನ್ನುತ್ತಾರೆ. ಕೇಳದೆಯೇ ಸಿಕ್ಕ ವರ ಇದು.

ಬಾಗಿಲ ಗಂಟೆ ಕಿಣಿ ಎಂದಿತು. ಹಾರ್ಲನ್ ಟೊಪ್ಪಿಗೆ ತೆಗೆದ.

“ನಿನ್ನ ಮನಸ್ಸು ನಿಜವಾಗ್ಲೂ ಬದಲಾಗಿದೆ ಅಂತ ಹೊಸ್ತಿಲಲ್ಲೇ ಗೊತ್ತಾಯ್ತು ಗ್ರೇಡಿ” ಎಂದ. ದನಿ ಮೆತ್ತಗಿತ್ತು. “ನೀನು ಇಷ್ಟು ಮಾಡ್ತೀಯ ಅಂತ ಅಂದ್ಕೊಂಡಿರ್ಲಿಲ್ಲ.”

ಮುದುಕರು ಏನೇನೋ ಗೊಣಗುತ್ತಾರೆ. ಗ್ರೇಡಿ ಅರ್ಥ ಹುಡುಕಲು ಹೋಗಲಿಲ್ಲ. “ಚೀಟಿ ತಂದ್ಯಾ?”

ಹಾರ್ಲನ್ ಅಂಗಿಯ ಜೇಬಿನಿಂದ ಹಳದಿ ಚೀಟಿ ತೆಗೆದು ಗಲ್ಲಾಪೆಟ್ಟಿಗೆಯ ಗಾಜಿನ ಮೇಜಿನ ಮೇಲಿಟ್ಟ. ಗ್ರೇಡಿ ಅದನ್ನು ಅಂಗೈಯಲ್ಲಿ ಮುಚ್ಚಿ, ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮೇಜಿನ ಕೆಳಗೆ ಎಳೆದು, ಬಗ್ಗಿ ಬೂಟಿನೊಳಗೆ ತುರುಕಿದ. ಮೇಲೆದ್ದಾಗ ಅವನ ಕೈಯಲ್ಲಿ ಮಡಿಸಿದ ಕಾಗದವೊಂದಿತ್ತು. ಯಾರದೋ ಬೇಟೆಬಂದೂಕಿನ ರಿಪೇರಿ ರಸೀದಿ ಅದು.

“ಎಲ್ಲಾ ಬರೆದಿದೀನಿ. ಓದಿ ನೋಡು.”

ಹಾರ್ಲನ್ ಕಾಗದ ಬಿಡಿಸಿ ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿದ. ಆಮೇಲೆ ಅವನ ಬಲಗೈ ಕೋಟಿನ ಕೆಳಗೆ ಹೋಯಿತು.

ಗ್ರೇಡಿ ಎರಡೂ ಅಂಗೈ ಎತ್ತಿದ, ಒಂದು ಹೆಜ್ಜೆ ಹಿಂದೆ ಹೋದ, ಬಾಯಿ ಅಗಲಿಸಿ, “ಬೇಡ ಹಾರ್ಲನ್, ಬೇಡ!” ಎಂದು ಕೂಗಿದ. ಹಾರ್ಲನ್ ತಲೆಯೆತ್ತಿ ಅಚ್ಚರಿಯಿಂದ ನೋಡಿದ. ಮೊದಲ ಗುಂಡು ಎದೆಮೂಳೆಯನ್ನು ಒಡೆಯಿತು, ಎರಡನೆಯದು ಒಂದು ಗೇಣು ಮೇಲೆ ಕತ್ತಿನ ಬುಡಕ್ಕೆ ಹೊಕ್ಕಿತು. ಮುದುಕ ಹಿಂದಕ್ಕೆ ಹಾರಿ ಗುಂಡುಪೆಟ್ಟಿಗೆಗಳ ಕಪಾಟಿನ ಮೇಲೆ ಬಿದ್ದ. ಕಪಾಟು ಅವನ ಮೇಲೆ ಬಿತ್ತು. ಹಿತ್ತಾಳೆಯ ಗುಂಡುಗಳು ನೆಲದ ತುಂಬ ಉರುಳಿದವು, ರಕ್ತ ಅವುಗಳನ್ನು ಹಿಂಬಾಲಿಸಿಕೊಂಡು ಹೋಯಿತು.

ತಕ್ಷಣ ಸಾಯಲಿಲ್ಲ. ಕತ್ತಿನಿಂದ ನಾಡಿಯ ತಾಳಕ್ಕೆ ರಕ್ತ ಚಿಮ್ಮುತ್ತಿತ್ತು. ತುಟಿ ಅಲ್ಲಾಡಿತು. “ಕನ್ನಡಕ… ಗ್ರೇಡಿ… ಕನ್ನಡಕ ಕಣೋ” ಎಂದ, ತಾನೇ ಏನೋ ತಪ್ಪು ಮಾಡಿ ಹೆದರಿಸಿದವನ ಹಾಗೆ. ಗ್ರೇಡಿ ಒಂದು ಟವೆಲ್ ತಂದು, ಮಂಡಿಯೂರಿ, ಕ್ಯಾಮೆರಾಕ್ಕೆ ಕಾಣುವಂತೆ ಆ ಗಾಯಕ್ಕೆ ಒತ್ತಿದ. ಬೆರಳ ಸಂದಿಯಿಂದ ಬಿಸಿಯಾಗಿ ಒಸರುತ್ತಿದ್ದದ್ದು ನಿಲ್ಲುವ ತನಕ ಒತ್ತಿಹಿಡಿದಿದ್ದ. ಆಮೇಲೆ ಫೋನೆತ್ತಿ, ದನಿಗೆ ಬೇಕಾದಷ್ಟು ನಡುಕ ಬೆರೆಸಿ, ಆ ವಾಕ್ಯ ಹೇಳಿದ.

ಶೆರಿಫ್ ವೆಲ್ಡನ್ ಕ್ರೌಸ್ ಹನ್ನೆರಡು ನಿಮಿಷಕ್ಕೆ ಬಂದ. ಹೋಟೆಲಿನ ಜಗಳ ಅವನಿಗೂ ಗೊತ್ತಿತ್ತು. ಗ್ರೇಡಿಯ ಸೀಳಿದ ತುಟಿಯನ್ನು ನೋಡಿ ತಲೆಯಾಡಿಸಿದ. ಹೊರಗಿನ ಕ್ಯಾಮೆರಾ, ಒಳಗಿನ ಕ್ಯಾಮೆರಾ, ಎರಡನ್ನೂ ಒಂದು ಸಲ ನೋಡಿದ.

“ಗಾಡಿಗೆ ವಾಪಸ್ ಹೋದ, ನೋಡು ವೆಲ್ಡನ್” ಎಂದ ಗ್ರೇಡಿ. “ಅದನ್ನ ತಗೊಂಡೇ ಬಂದ.”

“ಹೂಂ, ಹಾಗೇ ಕಾಣುತ್ತೆ” ಎಂದ ಶೆರಿಫ್. ಗ್ರೇಡಿಯ ಹೆಗಲು ತಟ್ಟಿ, “ಕೂತ್ಕೋ. ನೀರು ಕುಡಿ” ಎಂದ. ಗ್ರೇಡಿ ಕುರ್ಚಿಯಲ್ಲಿ ಕೂತ. ಬೂಟಿನೊಳಗೆ ಚೀಟಿಯ ಮೂಲೆ ಹಿಮ್ಮಡಿಗೆ ಚುಚ್ಚುತ್ತಿತ್ತು. ರಾತ್ರಿ ಒಲೆಗೆ ಹಾಕಿದರಾಯಿತು.

ಶೆರಿಫ್ ಹೆಣದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೈಗವಸು ಹಾಕಿ, ಕೋಟಿನ ಅಂಚನ್ನು ಎತ್ತಿದ. ಎತ್ತಿ ಹಿಡಿದೇ ಇದ್ದ. ಹಾರ್ಲನ್‌ನ ಮುಷ್ಟಿಯಲ್ಲಿ ಅರ್ಧ ಬಿಡಿಸಿದ ಕನ್ನಡಕವಿತ್ತು. ಅದರ ಹಿಂದೆ, ಸವೆದು ಹೊಳಪೇರಿದ ಚರ್ಮದ ಒರೆಯಲ್ಲಿ ಏನೂ ಇರಲಿಲ್ಲ. ಶೆರಿಫ್ ಬಾಗಿಲ ಕಡೆ ತಿರುಗಿ, ಹೊರಗಿದ್ದ ತನ್ನ ಪೊಲೀಸರಿಗೆ, “ಗಾಡಿ ನೋಡ್ರೋ” ಎಂದ. “ಸೀಟಿನ ಕೆಳಗೆ ಪೆಟ್ಟಿಗೆಯಲ್ಲಿದೆ ಸರ್, ಬೀಗ ಹಾಕಿತ್ತು, ಒಡೆದು ನೋಡಿದ್ವಿ” ಎಂಬ ಉತ್ತರ ಬಂತು. “ತೆಗೆಯೋಕೆ ಹೋದದ್ದಲ್ಲ ಇವನು” ಎಂದು ಶೆರಿಫ್ ತನ್ನಷ್ಟಕ್ಕೆ ಹೇಳಿಕೊಂಡ. “ಇಡೋಕೆ ಹೋದದ್ದು. ಆದ್ರೆ ಬಂದೂಕಿನ ಅಂಗಡಿಗೆ ಬರೋನು ಯಾಕೆ…”

ಆಗ ಆಂಬುಲೆನ್ಸಿನವರು ಸ್ಟ್ರೆಚರ್ ತರಲು ಮುಂಬಾಗಿಲನ್ನು ಒಳಕ್ಕೆ ಪೂರ್ತಿ ತೆರೆದು, ಗೋಡೆಗೆ ಒರಗಿಸಿ, ಕೆಳಗೊಂದು ಗುಂಡಿನ ಡಬ್ಬ ಒತ್ತಿಟ್ಟರು. ಗಾಜಿನ ಹೊರಮುಖ ಒಳಕ್ಕೆ ತಿರುಗಿತು. ಮೀನೂಟ ಮತ್ತು ನಾಯಿಯ ನಡುವೆ, ಹತ್ತು ದಿನಗಳ ಹಿಂದೆ ವಿಮೆಯವರು ಹೇಳಿದಂತೆ ಲೊರೀನ್ ಅಂಟಿಸಿದ್ದ ಹಾಳೆಯನ್ನು ಗ್ರೇಡಿ ಮೊದಲ ಸಲ ನೋಡಿದ. ಶೆರಿಫ್ ಎದ್ದು ಹೋಗಿ ಅದರ ಮುಂದೆ ನಿಂತು, ಹಾರ್ಲನ್ ಓದಿದ ಹಾಗೆಯೇ, ಒಂದಕ್ಷರವೂ ಬಿಡದೆ ಗಟ್ಟಿಯಾಗಿ ಓದಿದ: “ತುಂಬಿದ ಬಂದೂಕು, ಪಿಸ್ತೂಲುಗಳಿಗೆ ಈ ಅಂಗಡಿಯೊಳಗೆ ಪ್ರವೇಶವಿಲ್ಲ. ದಯವಿಟ್ಟು ನಿಮ್ಮ ಗಾಡಿಯಲ್ಲೇ ಇಟ್ಟು ಬನ್ನಿ. ಇಂತಿ, ಗ್ರೇಡಿ ಪೊಟೀಟ್, ಮಾಲೀಕ.”